ಓಣಿಯವರಿಗೆ ಕೊಡದ ಕಾಕಾ

ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಸಂಜೆ ಆರರ ಹೊತ್ತಿಗೆ ಬೆವರಿಗೆ ಕರಗಿ, ಬಾರಿನ ಕಾಕಾನ ಎರಡೂ ಹುಬ್ಬುಗಳ ಮೇಲೆ ಸುಣ್ಣದ ಹಾಗೆ ಕೂತಿರುತ್ತಿತ್ತು. ಹುಬ್ಬಿನ ಕೆಳಗೆ ಸಣ್ಣ ಕಣ್ಣು, ಎಲೆ ಅಡಿಕೆಗೆ ಕೆಂಪಾದ ತುಟಿ, ಕೊರಳಲ್ಲಿ ಲಿಂಗ. ಬೆನ್ನ ಹಿಂದೆ ಗೋಡೆ ತುಂಬ ಸಾಲು ಹಿಡಿದು ನಿಂತ ಬಾಟಲಿಗಳು. ಬೀದರಿನ ಈ ಓಣಿಗೆ ಬಾಡಿಗೆಗೆ ಬಂದ ಮೊದಲ ದಿನವೇ ಇದನ್ನು ನೋಡಿ ನನಗೆ ಮೈಯೆಲ್ಲ ಉರಿದಿತ್ತು. ಹಣೆಗೆ ವಿಭೂತಿ, ಕೈಯಲ್ಲಿ ಶೆರೆ ಬಾಟಲಿ, ಇದೆಂಥ ಮನುಷ್ಯ! ಮುಂದೆ ಹದಿನೈದು ವರ್ಷ ನಾನು ಆ ಮನುಷ್ಯನ ಮೇಲೆ ಒಂದಲ್ಲ ಒಂದು ಕಾರಣಕ್ಕೆ ಸಿಟ್ಟಾಗಿಯೇ ಇದ್ದೆ.

ನಮ್ಮ ಮನೆಗೂ ಅವರ ಬಾರಿಗೂ ನಡುವೆ ಒಂದೇ ಗೋಡೆ. ಬಾಡಿಗೆ ಕಡಿಮೆ ಇದ್ದದ್ದು ಅದಕ್ಕೇ ಎಂದು ಸಾಮಾನು ಇಳಿಸಿದ ಮೇಲೆ ತಿಳಿಯಿತು. ನಾನು ಭಾಲ್ಕಿಯವಳು, ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮನೆಯವರು ಕೊಳಾರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಒಳ್ಳೆಯವರು, ಕುಡಿಯುತ್ತಾರೆ. ಎರಡನೆಯದನ್ನು ಮುಚ್ಚಿಟ್ಟು ನಮ್ಮಪ್ಪನಿಗೆ ಮೊದಲನೆಯದನ್ನಷ್ಟೇ ಹೇಳಿ ಮದುವೆ ಮಾಡಿಸಿದ್ದರು.

ಕೂಗಳತೆಯಲ್ಲಿ ಮೂರು ಬಾರು. ಒಂದು ಮಾಳಿಗೆಯ ಮೇಲೆ. ಕ್ರಿಕೆಟ್ ಇದ್ದ ದಿನ ಅಲ್ಲಿಯ ಗದ್ದಲಕ್ಕೆ ನಮ್ಮ ಮನೆಯ ಟಿ.ವಿ. ಹಚ್ಚದೆಯೇ ಸ್ಕೋರು ಗೊತ್ತಾಗುತ್ತಿತ್ತು. ಇನ್ನೊಂದು ಮುಖ್ಯ ರಸ್ತೆಗೆ ಹತ್ತಿಕೊಂಡು. ಅದರ ಹೊರಗೆ ‘ಫ್ಯಾಮಿಲಿ ರೂಂ ಇದೆ’ ಎಂಬ ಬೋರ್ಡು. ಇಷ್ಟು ವರ್ಷದಲ್ಲಿ ಒಂದು ಫ್ಯಾಮಿಲಿ ಒಳಗೆ ಹೋದದ್ದನ್ನು ನಾನು ಕಂಡಿಲ್ಲ. ಮೂರನೆಯದು ನಮ್ಮ ಗೋಡೆಗೆ ಅಂಟಿದ್ದು, ಕಾಕಾನದು. ಔರಾದ್ ಕಡೆಯ ಚಿಂತಾಕಿಯಿಂದ ಬಂದು ಮೊಟ್ಟಮೊದಲು ಇಲ್ಲಿ ಬಾರು ಇಟ್ಟವರು ಅವರೇ. ಅದಕ್ಕೇ ಉಳಿದಿಬ್ಬರೂ ಅವರ ಮಾತು ಮೀರುತ್ತಿರಲಿಲ್ಲ.

ಬೆಳಿಗ್ಗೆ ಐದೂವರೆಗೆ ಧೋತರ ಮೇಲೆ ಕಟ್ಟಿ, ಫಿನಾಯಿಲ್ ಹಾಕಿ, ಬಾರಿನ ಮೆಟ್ಟಿಲು ತಾವೇ ತಿಕ್ಕುತ್ತಿದ್ದರು. ಪಕ್ಕದಲ್ಲಿ ಪುಟ್ಟ ಸ್ಪೀಕರಿನಲ್ಲಿ ವಚನಗಳು, ಅದೂ ಓಣಿಗೆಲ್ಲ ಕೇಳುವಷ್ಟು ದೊಡ್ಡದಾಗಿ. ನಾವು ಬಂದ ಮರುದಿನ ನಾನು ಮುಖ ಗಂಟು ಹಾಕಿಕೊಂಡು ನಿಂತದ್ದನ್ನು ನೋಡಿ ಅಂದರು:

“ಅಂಜಬ್ಯಾಡ ಯವ್ವಾ. ನಮ್ಮ ಓಣಿಯವರಿಗಿ ನಾ ಒಂದ್ ಹನಿ ಕೊಡಂಗಿಲ್ಲ. ಮುಂಜಾನಿ ಎದ್ದು ನಿಮ್ಮ ಮಾರಿ ನೋಡ್ಬೇಕಲ್ಲ ನಾ.”

ಸುಮ್ಮನೆ ಮಾತಿಗೆ ಅಂದದ್ದಲ್ಲ, ಅದು ಅವರ ನೇಮ. ಓಣಿಯ ಗಂಡಸರು ಎಷ್ಟು ಹಲ್ಲು ಗಿಂಜಿದರೂ ಕೊಡುತ್ತಿರಲಿಲ್ಲ. ಅಷ್ಟು ಸಾಲದೆಂಬಂತೆ ಉಳಿದ ಎರಡು ಬಾರಿನವರಿಗೂ ಹೇಳಿಟ್ಟಿದ್ದರು. ಓಣಿಯ ಬೀಗರಿಗೂ ಇಲ್ಲ. ಒಮ್ಮೆ ನನ್ನ ತಮ್ಮ ಭಾಲ್ಕಿಯಿಂದ ಬಂದವನು ನನಗೆ ಗೊತ್ತಾಗದಂತೆ ಕಾಕಾನ ಬಾರಿಗೆ ನುಸುಳಿದ. ಹತ್ತೇ ನಿಮಿಷಕ್ಕೆ ಕೆಂಪು ಮುಖ ಮಾಡಿಕೊಂಡು ವಾಪಸು ಬಂದ. “ಬಾರಿನೊಳಗ ಕುಂಡ್ರಿಸಿ ಚಹಾ ಕುಡಿಸಿ ಕಳಿಸ್ಯಾನಲ್ಲ ಅಕ್ಕಾ! ಮ್ಯಾಲ ‘ಅಕ್ಕಗ ಶರಣು ಹೇಳು’ ಅಂದಾನ!”

ನಗಬಹುದು. ಆದರೆ ಇದರಿಂದ ಆದದ್ದೇನು? ನಡೆದು ಹೋಗಿ ನಡೆದು ಬರಬಹುದಾಗಿದ್ದ ಗಂಡಸರು ಬೈಕ್ ಹತ್ತಿ ಕೊಳಾರ ರಸ್ತೆಯ ಬಾರಿಗೆ ಹೋಗಿ, ಲಾರಿಗಳ ನಡುವೆ ತೂಗಾಡುತ್ತ ಮನೆಗೆ ಬರುತ್ತಿದ್ದರು. ಕಾಕಾ ಮಾತ್ರ ತಮ್ಮ ಓಣಿ ಸ್ವಚ್ಛ ಇದೆ ಎಂದುಕೊಂಡು ವಚನ ಕೇಳುತ್ತ ಮೆಟ್ಟಿಲು ತೊಳೆಯುತ್ತಿದ್ದರು. ಅವರ ಪುಣ್ಯದ ಕಾಟ ನಮಗೆ.

ಒಂದು ಶ್ರಾವಣದಲ್ಲಿ, ದೀಪ ಹಚ್ಚುವ ಹೊತ್ತಿಗೆ, ನಮ್ಮನೆಯವರು ಆ ರಸ್ತೆಯಲ್ಲಿ ಬಿದ್ದರು. ಹೆಗಲ ಎಲುಬು ಮುರಿದಿತ್ತು, ತಲೆಗೆ ಏಳು ಹೊಲಿಗೆ. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಒತ್ತಿದ್ದಕ್ಕೆ ಉಳಿದರು. ಎರಡು ತಿಂಗಳು ಮಲಗಿದ್ದರು. ಕುಡಿಯುವುದಿಲ್ಲ ಎಂದು ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದರು. ಮೂರನೆಯ ತಿಂಗಳು ಮತ್ತೆ ಗಾಡಿ ಕೀಲಿ ಹುಡುಕತೊಡಗಿದರು. ಬೈದೆ, ಅತ್ತು ಕರೆದೆ, ತವರಿಗೆ ಹೋಗಿ ಎಂಟು ದಿನ ಕೂತೆ. ಏನೂ ನಡೆಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸೆರಗು ಬಿಗಿದುಕೊಂಡು ಸೀದಾ ಕಾಕಾನ ಬಾರಿಗೆ ನುಗ್ಗಿದೆ. ಒಳಗಿದ್ದ ನಾಲ್ಕು ಜನ ತಮ್ಮ ತಮ್ಮ ಗ್ಲಾಸಿನೊಳಗೆ ಮುಖ ಹಾಕಿದರು.

“ಕಾಕಾ, ನಮ್ಮನಿಯವರಿಗಿ ನೀವೇ ಕೊಡ್ರಿ.”

ಟೇಬಲ್ ಒರೆಸುತ್ತಿದ್ದ ಕೈ ನಿಂತಿತು. “ಏನ್ ಕೊಡ್ಲೆವ್ವಾ?”

“ಶೆರೆ. ಮತ್ತೇನ್, ಪ್ರಸಾದ ಕೊಡ್ತೀರೇನು ಇಲ್ಲಿ?”

“ಅದು ಆಗಂಗಿಲ್ಲವ್ವಾ. ನಂದು ನೇಮ ಅದ.”

“ನಿಮ್ಮ ನೇಮದ ಪುಣ್ಯ ನಿಮಗ. ನಾಳಿಗಿ ಇವ್ರ ಹೆಣ ಆ ರೋಡಿನ ಮ್ಯಾಲಿಂದ ಎತ್ಲಾಕ ನಿಮ್ಮ ನೇಮ ಬರ್ತದೇನು? ಹ್ಯಾಂಗೂ ಬಿಡಂಗಿಲ್ಲ ಅವ್ರು. ಇಲ್ಲಿ ಕುಡೀಲಿ, ಹತ್ತು ಹೆಜ್ಜಿ ನಡ್ಕೊಂಡು ಮನಿಗಿ ಬರ್ಲಿ.”

ಕುಡಿಯುವ ಗಂಡನಿಗೆ ಹೆಂಡ ಕೊಡಿ ಎಂದು ಹೆಂಡತಿಯೇ ಬೇಡುವುದು, ಬಾರಿನವನು ಒಲ್ಲೆ ಅನ್ನುವುದು! ನನ್ನ ಹಣೆಬರಹಕ್ಕೆ ನನಗೇ ಅಳು ಬಂತು. ಕಾಕಾ ಟೇಬಲ್ಲಿನ ಒಂದೇ ಜಾಗವನ್ನು ಬಹಳ ಹೊತ್ತು ಒರೆಸಿದರು. ಆಮೇಲೆ ತಲೆ ಎತ್ತದೆ ಅಂದರು: “ದಿನಾ ಒಂದೇ ಕ್ವಾರ್ಟರ್. ಅದರ ಮ್ಯಾಲ ನೀ ಬಂದು ಕಾಲು ಹಿಡಿದ್ರೂ ಇಲ್ಲ. ಗಾಡಿ ಕೀಲಿ ನಿನ್ನ ಹತ್ರ ಇರ್ಬೇಕು.”

ಹಾಗೆ ಶುರುವಾದದ್ದು ಒಂಬತ್ತು ವರ್ಷ ನಡೆಯಿತು. ನಮ್ಮನೆಯವರಿಗೆ ನಮ್ಮ ಗೋಡೆಗೆ ಹೊಂದಿದ ಕುರ್ಚಿ. ಏಳೂವರೆಗೆ ನಾನು ಲಟ್ಟಣಿಗೆಯಿಂದ ಗೋಡೆಗೆ ಮೂರು ಸಲ ಬಡಿಯುತ್ತಿದ್ದೆ. ಐದು ನಿಮಿಷ ತಡವಾದರೆ ಹಿತ್ತಲಿಗೆ ಹೋಗಿ ಒದರುತ್ತಿದ್ದೆ: “ಕಾಕಾ, ಇನ್ನೂ ಕುಂಡ್ರಿಸ್ಕೊಂಡೀರೇನು?” ಆ ಕಡೆಯಿಂದ, “ಬಂದ್ರವ್ವಾ, ಬಂದ್ರು, ಚಪ್ಪಲ್ ಹಾಕ್ಲಾಕತ್ಯಾರ.”

ಓಣಿಯಲ್ಲಿ ಮಾತಾಯಿತು. ಟೀಚರೇ ನಿಂತು ಗಂಡನಿಗೆ ಕುಡಿಸುತ್ತಾಳೆ ಎಂದರು. ಗಂಡಸರು ಕಾಕಾನ ಬಳಿ ಜಗಳಕ್ಕೆ ಹೋದರು: ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ? ಕಾಕಾ ಒಬ್ಬೊಬ್ಬರಿಗೂ ಒಂದೇ ಉತ್ತರ ಕೊಟ್ಟರು. “ನಿನ್ನ ಹೆಂಡ್ತೀಗಿ ಕರ್ಕೊಂಡು ಬಾ. ಆಕಿ ಕೇಳ್ಲಿ, ಕೊಡ್ತೇನಿ.” ಯಾರೂ ಕರೆದುಕೊಂಡು ಬರಲಿಲ್ಲ.

ಒಂದಕ್ಕೆ ಎಂದೂ ನಿಲ್ಲದಿದ್ದ ನಮ್ಮನೆಯವರು ಒಂದಕ್ಕೇ ನಿಂತರು. ಅದು ನನ್ನ ಲಟ್ಟಣಿಗೆಯ ಭಯ ಎಂದು ನಾನು ಉಬ್ಬಿದ್ದೆ. ಕಾಕಾನಿಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಸ್ಪೀಕರ್ ಸಣ್ಣದು ಮಾಡಿ, ಫಿನಾಯಿಲ್ ನಮ್ಮ ಬಾಗಿಲಿಗೆ ಹರಿಸಬೇಡಿ, ನಿಮ್ಮ ಗಿರಾಕಿ ನಮ್ಮ ಗೋಡೆಗೆ ಉಗುಳಿದ. ಇದೇ ನನ್ನ ಮಾತು. “ಆಯ್ತವ್ವಾ” ಅನ್ನುವರು, ಉಗುಳಿದ್ದನ್ನು ತಾವೇ ಬಂದು ತೊಳೆಯುವರು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮೆಟ್ಟಿಲು ತಿಕ್ಕುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಐದನೆಯ ದಿನ ನಾನು ಅವರ ಹೆಂಡತಿ ಕಾಕಿಯನ್ನು ಮಾತಾಡಿಸಲು ಹೋದೆ. ಊಟ ಮಾಡಿದಿರಾ ಎಂದು ಕೇಳಿದ್ದಕ್ಕೆ ಅವರು ಹೇಳಿದರು:

“ನನಗ ರಾತ್ರಿ ಒಬ್ಬಾಕೀನೇ ಉಂಡು ರೂಢಿ ಆಗ್ಯಾದ. ಒಂಬತ್ತು ವರ್ಷಾತು, ಅವ್ರು ರಾತ್ರಿ ಉಣ್ತಿದ್ದಿಲ್ಲ. ನಿಮ್ಮನಿಯವರಿಗಿ ಕೊಡ್ಲಾಕ ಹತ್ತಿದಾಗಿಂದ. ನೇಮ ಮುರ್ದೀನಿ, ಅದರ ದಂಡ ನಂದೇ ಅಂತಿದ್ರು. ಒಂದ್ ತಂಬಿಗಿ ನೀರು ಕುಡ್ದು ಮಲಗ್ತಿದ್ರು. ಎಲೆಕ್ಷನ್‌ಗಿ ಬಾರು ಬಂದ್ ಇದ್ರ ಅಷ್ಟೇ ಎರಡು ರೊಟ್ಟಿ. ನನಗ ಎಲೆಕ್ಷನ್ ಬಂದ್ರ ಭಾಳ ಖುಷಿ ಆಗ್ತಿತ್ತು.”

“ನನಗ್ಯಾಕ ಹೇಳ್ಲಿಲ್ಲ ಕಾಕೀ?”

“ಹೇಳಿದ್ರ ಆ ಹೆಣ್ಮಗಳು ಮತ್ತ ಗಂಡನ ಕೈಯಾಗ ಗಾಡಿ ಕೀಲಿ ಕೊಡ್ತಾಳ ಅಂತಿದ್ರು.”

ಮನೆಗೆ ಬಂದು, ನಡುಮನೆಯಲ್ಲಿ ಕೂತಿದ್ದ ನಮ್ಮನೆಯವರಿಗೆ ಅಳುತ್ತ ಹೇಳಿದೆ. ಅವರು ನೆಲ ನೋಡುತ್ತ ಅಂದರು: “ನನಗ ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ಎರಡನೇ ವರ್ಷ ಒಂದಿನ, ಇನ್ನೊಂದು ಕೊಡ್ರಿ ಅಂತ ಹಟ ಹಿಡಿದಿದ್ದೆ. ‘ಕೊಡ್ತೇನಿ, ಆದ್ರ ನಾ ನಾಳಿ ಮಧ್ಯಾಹ್ನದ ಊಟಾನೂ ಬಿಡ್ಬೇಕಾಗ್ತದ ನೋಡು’ ಅಂದ್ರು. ಆವಾಗ ಎಲ್ಲಾ ಹೇಳಿದ್ರು. ಅವತ್ತಿಂದ ಇನ್ನೊಂದು ಕೇಳಿಲ್ಲ.”

“ಮತ್ತ ಆ ಒಂದನ್ನ ಯಾಕ ಬಿಡ್ಲಿಲ್ರಿ? ಆ ಮುದುಕ ಉಣ್ತಿದ್ದಿಲ್ಲ ಅಂತ ಗೊತ್ತಿದ್ದೂ?”

“ಆಗ್ಲಿಲ್ಲ.”

ಈ ಗಂಡಸರಿಗೆ ಏನು ಹೇಳುವುದು? ಒಬ್ಬರು ಉಪವಾಸ ಬಿದ್ದು ಸುಮ್ಮನಿದ್ದರು, ಇನ್ನೊಬ್ಬರು ಕುಡಿದು ಸುಮ್ಮನಿದ್ದರು. ನಡುವೆ ನಾನೊಬ್ಬಳು ಗೋಡೆ ಬಡಿಯುತ್ತಿದ್ದೆ. ಆ ಒಂಬತ್ತು ವರ್ಷ ನನ್ನ ಗಂಡ ಕಾಲ ಮೇಲೆ ನಡೆದು ಮನೆಗೆ ಬಂದದ್ದು ಆ ಮನುಷ್ಯನಿಂದ. ಅವರಿಗೆ ಒಂದು ಸಲವಾದರೂ ಶರಣು ಅನ್ನಲಿಲ್ಲವಲ್ಲ ಎಂದು ಈಗ ನನ್ನನ್ನೇ ಬೈದುಕೊಳ್ಳುತ್ತೇನೆ.

ಕಾಕಾನ ಬಾರು ಮುಚ್ಚಿದೆ. ಮಾಳಿಗೆಯ ಬಾರಿನವನು ಈಗ ಓಣಿಯವರಿಗೂ ಕೊಡುತ್ತಾನೆ. ನಮ್ಮನೆಯವರು ಅಲ್ಲಿಗೆ ನಡೆದು ಹೋಗಿ ನಡೆದು ಬರುತ್ತಾರೆ. ಆದರೆ ಕುಡಿದು ಬಂದ ದಿನ ಊಟಕ್ಕೆ ಕೂರುವುದಿಲ್ಲ. ನಾನು ಎಷ್ಟು ಬೈದರೂ ಒಂದು ತಂಬಿಗೆ ನೀರು ಕುಡಿದು ಮಲಗುತ್ತಾರೆ. ಮೊದಮೊದಲು ವಾರಕ್ಕೆ ಒಂದು ದಿನ ಕುಡಿಯದೆ ಬಂದು ಉಣ್ಣುತ್ತಿದ್ದರು. ಈಗ ಐದು ದಿನ ಉಣ್ಣುತ್ತಾರೆ.