ಗೈರುಹಾಜರಾದ ಮೂರನೆಯ ಯಂತ್ರ

ಶಾಲೆಯ ಮೇಷ್ಟ್ರ ಕೆಲಸ ಬಿಟ್ಟ ಮೇಲೂ ಹಾಜರಿ ಕರೆಯುವ ಅಭ್ಯಾಸ ನನ್ನನ್ನು ಬಿಡಲಿಲ್ಲ. ದೇಶದ ರಾಜಧಾನಿಯ ಜನಕಪುರಿಯಲ್ಲಿರುವ ನಮ್ಮ ಮನೆಯಲ್ಲಿ ಮೂರು ಹಳೆಯ ಕಂಪ್ಯೂಟರುಗಳಿವೆ: ಒಂದು ಪುಸ್ತಕದ ಕಪಾಟಿನಲ್ಲಿ, ಇನ್ನೊಂದು ಮಂಚದ ಪಕ್ಕದಲ್ಲಿ, ಮೂರನೆಯದು ಬಾಲ್ಕನಿಯ ಕಿಟಕಿಯ ಬಳಿ. ಅವುಗಳೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಕಂಟೈನರ್. ಎಂದರೆ, ತನಗೆ ಬೇಕಾದ ಸಕಲ ಸಾಮಗ್ರಿಯನ್ನೂ ಜೊತೆಗಿಟ್ಟುಕೊಂಡು, ಪಕ್ಕದವರ ಗೊಡವೆಗೆ ಹೋಗದೆ ದುಡಿಯುವ ಮುಚ್ಚಿದ ಡಬ್ಬಿ. ಒಂದರಲ್ಲಿ ಮನೆಯ ಚಿತ್ರಗಳು, ಒಂದರಲ್ಲಿ ಪುಸ್ತಕಗಳ ಪಟ್ಟಿ, ಮಂಚದ ಪಕ್ಕದ ಯಂತ್ರದಲ್ಲಿ ನನ್ನ ಭಾನುವಾರದ ಕನ್ನಡ ತರಗತಿಯ ಮಕ್ಕಳು ಓದಿದ ಪಾಠಗಳ ಧ್ವನಿಮುದ್ರಣ.

ಕಳೆದ ಜೂನ್‌ನಲ್ಲಿ ಮೂರೂ ಯಂತ್ರಗಳನ್ನು ಒಂದೇ ಪುಟದಿಂದ ಆಳುವ ವ್ಯವಸ್ಥೆ ಮಾಡಿಕೊಂಡೆ. ಹಸಿರು ಚುಕ್ಕಿಯಿದ್ದರೆ ಹಾಜರು, ಕೆಂಪಾದರೆ ಗೈರು. ಆ ಶನಿವಾರ ಬೆಳಿಗ್ಗೆ ಉತ್ಸಾಹದಲ್ಲಿ ಮೂರಕ್ಕೂ ಒಟ್ಟಿಗೆ ಮೊದಲ ಆದೇಶ ಕೊಟ್ಟೆ: ನಡೆಯದೆ ನಿಂತಿರುವ ಡಬ್ಬಿಗಳನ್ನು ಸರಕಿನ ಸಮೇತ ಅಳಿಸು. ಕಪ್ಪುಹಲಗೆ ಒರೆಸಿದಷ್ಟು ಹಿತವಾಯಿತು. ಮೂರನೆಯ ಯಂತ್ರ ಮಾತ್ರ ಕೆಂಪಾಗಿತ್ತು. ಅದನ್ನು ಆಮೇಲೆ ವಿಚಾರಿಸಿಕೊಳ್ಳೋಣ ಎಂದುಕೊಂಡೆ.

ಮಧ್ಯಾಹ್ನ ಗುವಾಹಟಿಯಿಂದ ಫೋನು ಬಂತು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಗಂಡನಿಗೆ ಕೇಂದ್ರ ಸರ್ಕಾರದ ಕೆಲಸ, ಏಪ್ರಿಲ್‌ನಲ್ಲಿ ವರ್ಗವಾಗಿ ಅಲ್ಲಿಗೆ ಹೋದವರು.

“ಮೇಷ್ಟ್ರೇ, ಅವಳು ಓದಿದ್ದು ರೆಕಾರ್ಡ್ ಮಾಡಿದ್ರಲ್ಲ, ಕಳಿಸ್ತೀರಾ? ಇಲ್ಲಿಗೆ ಬಂದ್ಮೇಲೆ ಕನ್ನಡ ಮಾತಾಡೋದೇ ನಿಲ್ಲಿಸಿಬಿಟ್ಟಿದಾಳೆ. ಓದೋಕೆ ಬರಲ್ಲ ಅಂತ ಹಟ. ನೀನೇ ಓದಿದ್ದು ನೋಡು ಅಂತ ಕೇಳಿಸ್ಬೇಕು.”

“ಅಗತ್ಯವಾಗಿ” ಎಂದೆ. ಪುಟ ತೆರೆದಾಗ ಧ್ವನಿಮುದ್ರಣದ ಡಬ್ಬಿ ಇರಲಿಲ್ಲ. ಮಂಚದ ಪಕ್ಕದ ಯಂತ್ರ ಸೆಕೆಗೆ ಬಿಸಿಯಾಗುತ್ತಿದೆಯೆಂದು ಆ ಡಬ್ಬಿಯನ್ನು ಎರಡು ದಿನದ ಮಟ್ಟಿಗೆ ನಿಲ್ಲಿಸಿದವನು ನಾನೇ. ನಿಂತದ್ದನ್ನೆಲ್ಲ ಅಳಿಸೆಂದವನೂ ನಾನೇ. ಉಳಿದ ಎಂಟು ಮಕ್ಕಳು ಮರುದಿನವೇ ಬಂದು ಮತ್ತೆ ಓದಬಹುದು. ಅವಳು?

ಆಗ ನೆನಪಾಯಿತು: ಮಾರ್ಚ್‌ನಲ್ಲಿ ಇಂಥದೇ ಡಬ್ಬಿಯೊಂದನ್ನು ಪ್ರಯೋಗಕ್ಕೆಂದು ಮೂರನೆಯ ಯಂತ್ರದಲ್ಲಿ ಇಟ್ಟಿದ್ದೆ. ಅದರಲ್ಲಿದ್ದದ್ದು ಒಂದೇ ಧ್ವನಿಮುದ್ರಣ, ಅವಳದು. ಎಲ್ಲರಿಗಿಂತ ಹೆಚ್ಚು ತಡವರಿಸಿದ್ದಳು. ಅದನ್ನು ಕತ್ತರಿಸಿ ಒಪ್ಪಗೊಳಿಸಲು ಕಲಿಯೋಣವೆಂದು ಆರಿಸಿದ್ದೆ. ಆ ಡಬ್ಬಿಯೂ ನಿಂತೇ ಇತ್ತು.

“ಕಿಟಕಿಯ ಯಂತ್ರ ಯಾಕೆ ಆರಿದೆ?” ಎಂದು ಹೆಂಡತಿಯನ್ನು ಕೇಳಿದೆ.

“ನಾನೇ ಪ್ಲಗ್ ತೆಗೆದೆ. ಕೂಲರ್‌ಗೆ ಬೇರೆ ಸಾಕೆಟ್ ಎಲ್ಲಿದೆ? ನಿಮ್ಮ ಡಬ್ಬಾಗೆ ತಂಪು ಬೇಕು, ನಾವು ಬೇಯ್ತಾ ಇರ್ಬೇಕಾ?”

“ಯಾವಾಗ ತೆಗೆದೆ?”

“ನಿನ್ನೆ ಸಂಜೆ. ಅಚ್ಛಾ, ಈಗ ಹಾಕ್ಲಾ?”

“ಬೇಡ! ಮುಟ್ಟಬೇಡ!”

ನನ್ನ ಕೂಗಿಗೆ ಅವಳು ಕೂಲರನ್ನೇ ಆರಿಸಿಬಿಟ್ಟಳು.

ಗೈರಾದವನು ಮರಳಿ ಬಂದರೆ ಹಿಂದಿನ ದಿನದ ಮನೆಕೆಲಸ ಅವನನ್ನು ಕಾಯುತ್ತಿರುತ್ತದೆ. ಯಂತ್ರಗಳಲ್ಲೂ ಹಾಗೆಯೇ? ಕೊಟ್ಟ ಆದೇಶ ಬಾಗಿಲಲ್ಲೇ ನಿಂತಿದ್ದು, ಅದು ಎಚ್ಚೆತ್ತ ಕ್ಷಣವೇ ಒಳಗೆ ನುಗ್ಗುವುದೋ? ಭಯದಷ್ಟೇ ಕುತೂಹಲವೂ ಇತ್ತೆಂದು ಒಪ್ಪಿಕೊಳ್ಳಬೇಕು. ಗಂಟೆಗಟ್ಟಲೆ ಕೈಪಿಡಿಯನ್ನು ಓದಿದೆ. ಸ್ಪಷ್ಟ ಉತ್ತರ ಸಿಗದೆ, ಮೂರನೆಯ ಯಂತ್ರವನ್ನು ಉಳಿದವುಗಳಿಗೆ ಜೋಡಿಸುವ ಜಾಲದ ತಂತಿಯನ್ನು ಮೊದಲು ಕಿತ್ತು, ಆಮೇಲೆ ಪ್ಲಗ್ ಹಾಕಿದೆ. ಈಗ ಯಾರ ಆದೇಶವೂ ಅದನ್ನು ತಲುಪಲಾರದು, ನನ್ನದೂ.

ಡಬ್ಬಿ ಇತ್ತು. ಅವಳ ದನಿಯೂ ಇತ್ತು. ನಾಲ್ಕನೆಯ ವಾಕ್ಯದಲ್ಲಿ ಎಡವಿ, “ಸರ್, ಯೇ ವಾಲಾ ಫಿರ್ ಸೇ?” ಎಂದು, ಇದನ್ನು ಮತ್ತೆ ಓದಲೇ ಎಂದು ಹಿಂದಿಯಲ್ಲಿ ಕೇಳಿ ನಕ್ಕು, ನನ್ನ ಉತ್ತರಕ್ಕೂ ಕಾಯದೆ ಮತ್ತೆ ಓದಿ, ಈ ಬಾರಿ ಕೊನೆ ಮುಟ್ಟಿಸಿದ್ದಳು. ನಾನು ಕತ್ತರಿಸಬೇಕೆಂದಿದ್ದದ್ದು ಸರಿಯಾಗಿ ಆ ಭಾಗವನ್ನೇ. ಎರಡು ಸಲ ಕೇಳಿದೆ, ಪೆನ್‌ಡ್ರೈವ್‌ಗೆ ನಕಲಿಸಿಕೊಂಡು, ಕತ್ತರಿಸದೆ ಕಳುಹಿಸಿದೆ.

ಸಂಜೆ ತಾಯಿಯ ಉತ್ತರ ಬಂತು: “ನಾಲ್ಕನೇ ಸಾಲು ಈಗಲೂ ತಪ್ಪೇ ಓದ್ತಾಳೆ. ಆದ್ರೆ ಓದ್ತಾ ಇದಾಳೆ.”

ಹೆಂಡತಿಗೆ ಅದನ್ನು ತೋರಿಸಿದೆ. ಅವಳು ಓದಿ, ಎದ್ದು, ಮೂರನೆಯ ಯಂತ್ರದ ಪ್ಲಗ್ಗನ್ನು ಮತ್ತೆ ಕಿತ್ತು ಕೂಲರನ್ನು ಹಚ್ಚಿದಳು. ನಾನು ತಡೆಯಲಿಲ್ಲ.