ಹಕ್ಕಲು ತೆನೆಯೂ ನನ್ನ ಐದು ‘ಯಾಕೆ’ಗಳೂ

ಸ್ವಲ್ಪ ತಾಳಿ, ಪುಟ ತಿರುವಬೇಡಿ. ಸತ್ಯವೇದ ಓದುವ ವಿಷಯ ಅಂದ ಕೂಡಲೇ ನಿಮಗೆ ಆಕಳಿಕೆ ಬಂದಿರಬಹುದು, ನನಗೂ ಬರುತ್ತಿತ್ತು. ಆದರೆ ನನ್ನ ಎರಡು ವಾರದ ಘನ ಅಧ್ಯಯನವನ್ನು ಓದಲು ಬಾರದ ನನ್ನ ಅಮ್ಮ ಹೇಗೆ ಮಗುಚಿ ಹಾಕಿದಳು ಅನ್ನುವುದು ಇನ್ನೂ ಬರಬೇಕಿದೆ. ಅದಕ್ಕಾಗಿಯಾದರೂ ಕೂತಿರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಂಡಿತನಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗಾಡಿಗಳ ಬಿಡಿಭಾಗ ಪರೀಕ್ಷೆ ಮಾಡುವವನು. ಓದಿದ್ದೆಲ್ಲ ತಮಿಳು ಶಾಲೆಯಲ್ಲಿ. ಕನ್ನಡ ಅಕ್ಷರ ಕಲಿತದ್ದು ಅಮ್ಮನ ಸತ್ಯವೇದದಿಂದ. ಅದು ಅವಳಿಗೆ ಮದುವೆಯಲ್ಲಿ ಬಂದ ಉಡುಗೊರೆ. ಕನಕಪುರದ ಕಡೆಯಿಂದ ಹೊಸೂರಿನ ಅವಲಪಲ್ಲಿಯ ಬಾಡಿಗೆ ಮನೆಗೆ ಲಗೇಜ್ ಆಟೋದಲ್ಲಿ ಬರುವಾಗ ಪಾತ್ರೆಪಗಡಗಳನ್ನು ಹಿಂದೆ ಎಸೆದು, ತನಗೆ ಒಂದಕ್ಷರವೂ ಓದಲು ಬಾರದ ಆ ಪುಸ್ತಕವನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡು ಬಂದವಳು ಅವಳು. ನಾನು ಅದರ ಪಕ್ಕ ತಮಿಳಿನದನ್ನು ತೆರೆದಿಟ್ಟುಕೊಂಡು, ಈ ವಾಕ್ಯಕ್ಕೆ ಆ ವಾಕ್ಯ ಹೊಂದಿಸಿ, ‘ಓಹೋ, ಇದು ಳ, ಇದು ಣ’ ಅಂತ ಕಂಡುಹಿಡಿದೆ. ಹಾಗೆ ಕಲಿತದ್ದರಿಂದ ಈಗಲೂ ನನ್ನ ಕನ್ನಡದಲ್ಲಿ ಪ್ರವಾದಿಗಳ ಧಾಟಿ ಸ್ವಲ್ಪ ಜಾಸ್ತಿ. ಒಮ್ಮೆ ತರಕಾರಿ ಅಂಗಡಿಯಲ್ಲಿ ‘ಇಗೋ, ಈ ಬದನೆಕಾಯಿ ಕೆಟ್ಟುಹೋಗಿರುತ್ತದೆ’ ಅಂದದ್ದಕ್ಕೆ ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದಳು.

ಅಕ್ಷರ ಬಂದರೂ ಓದು ಬರಲಿಲ್ಲ. ಪ್ರತಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ‘ಈ ಸಲ ಪೂರ್ತಿ ಓದುತ್ತೇನೆ’ ಎಂದು ಶಪಥ ಮಾಡುತ್ತಿದ್ದೆ. ಸೃಷ್ಟಿ, ಜಲಪ್ರಳಯ, ಅಣ್ಣತಮ್ಮಂದಿರ ಜಗಳ, ಎಲ್ಲ ಸರಸರ ಸಾಗುತ್ತಿತ್ತು. ಆಮೇಲೆ ಯಾಜಕರ ನಿಯಮಗಳು ಬರುತ್ತಿದ್ದವು, ನನಗೆ ನಿದ್ದೆ ಬರುತ್ತಿತ್ತು. ಅಲ್ಲಿಗೆ ಆ ವರ್ಷದ ಭಕ್ತಿ ಮುಗಿಯಿತು.

ಆಗ ಹೊಳೆದದ್ದು ಕಾರ್ಖಾನೆಯ ಉಪಾಯ. ನಮ್ಮಲ್ಲಿ ಒಂದು ಪೀಸ್ ಕೆಟ್ಟರೆ ಬೈಯುವುದಿಲ್ಲ (ಬೈಯುತ್ತಾರೆ, ಆದರೆ ಆಮೇಲೆ). ಒಂದು ಹಾಳೆ ಕೊಟ್ಟು ಐದು ಸಲ ‘ಯಾಕೆ’ ಎಂದು ಕೇಳಿಕೊಳ್ಳಲು ಹೇಳುತ್ತಾರೆ. ಐದನೇ ಯಾಕೆಯ ಹೊತ್ತಿಗೆ ಮೂಲ ಕಾರಣ ಸಿಕ್ಕಲೇಬೇಕು. ಇದನ್ನೇ ಸತ್ಯವೇದಕ್ಕೆ ಹಾಕಿದರೆ? ಹಾಕಿ ನೋಡಿದೆ. ನನ್ನಾಣೆ, ಮಜಾ ಬಂತು! ಸತ್ಯವೇದದಲ್ಲಿ ಬಾವಿಗೆ ನೀರಿಗೆ ಬರುವ ಒಬ್ಬ ಹೆಂಗಸಿದ್ದಾಳೆ, ಅವಳು ನಡುಮಧ್ಯಾಹ್ನ ಯಾಕೆ ಒಬ್ಬಳೇ ಬಂದಳು? ನಮ್ಮ ಬೀದಿಯ ನಲ್ಲಿಗೆ ಎಲ್ಲರೂ ತಂಪು ಹೊತ್ತಿನಲ್ಲೇ ಬರುತ್ತಾರಲ್ಲ? ಹೀಗೆ ಒಂದು ಪ್ರಶ್ನೆ ಎದ್ದರೆ ಸಾಕು, ಎರಡು ಸಾವಿರ ವರ್ಷ ಹಿಂದಿನ ಬಾವಿಕಟ್ಟೆ ಬಂದು ನಮ್ಮ ಬೀದಿಯಲ್ಲಿ ಕೂರುತ್ತದೆ. ಕಂಪನಿ ಬಸ್ಸಿನಲ್ಲಿ ಹೋಗುವಾಗ ಹತ್ತು ವಾಕ್ಯ, ಬರುವಾಗ ಐದು ಯಾಕೆ. ಆ ದಿನಗಳಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತರೆ ಸಂತೋಷಪಟ್ಟವನು ಇಡೀ ಹೊಸೂರಿನಲ್ಲಿ ನಾನೊಬ್ಬನೇ ಇರಬೇಕು.

ಈ ಉತ್ಸಾಹದ ಸುದ್ದಿ ಎಸ್ತೇರಮ್ಮನ ಕಿವಿಗೆ ಬಿತ್ತು. ಎಸ್ತೇರಮ್ಮ ನಿವೃತ್ತ ನರ್ಸ್. ಪ್ರತಿ ಶುಕ್ರವಾರ ಸಂಜೆ ಅವರ ಮನೆಯಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ. ಕೂಟ ಅಂದರೆ ಏಳು ಜನ, ಅದರಲ್ಲಿ ಇಬ್ಬರು ತೂಕಡಿಸುವವರು. ಒಂದು ದಿನ ಅವರು ನನ್ನನ್ನು ಬಾಗಿಲಲ್ಲೇ ತಡೆದರು.

“ಇಲ್ನೋಡು ಸಾಮು, ನಂಗೆ ಗಂಟ್ಲು ಕೈ ಕೊಟ್ಟದೆ. ಬರೋ ಶುಕ್ರವಾರ ಬಿಟ್ಟು ಅದ್ರಾಚೆ ಶುಕ್ರವಾರ ನೀನು ವಿವರಣೆ ಮಾಡು. ಜನಕ್ಕೆ ಹಿಡಿಸ್ತು ಅಂದ್ರೆ ಸರಿ. ಇಲ್ಲಾಂದ್ರೆ ಕೂಟ ನಿಲ್ಸಿ ಎಲ್ರೂ ತಮಿಳು ಕೂಟಕ್ಕೆ ಹೋಗ್ಬಿಡಾನ. ಅಲ್ಲಿ ಹಾಡೂ ಚೆನ್ನಾಗದೆ, ಜನಾನೂ ಅವ್ರೆ.”

ತಮಿಳು ಕೂಟ ನಿಜಕ್ಕೂ ಚೆನ್ನಾಗಿದೆ. ನನಗೇನೂ ತೊಂದರೆ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು.

“ತಮಿಳಲ್ಲಿ ಸೊಪ್ಪು ಕೇಳ್ತೀನಿ ಕಣ್ಲಾ, ಸೀಮೆಎಣ್ಣೆ ಕೇಳ್ತೀನಿ. ದೇವ್ರನ್ನ ಏನಂತ ಕೇಳ್ಲಿ?”

ಅಷ್ಟೇ ಅಂದದ್ದು. ವಾರಕ್ಕೊಮ್ಮೆ ಅವಳಿಗೆ ಅರ್ಥವಾಗುವ ಮಾತಿನಲ್ಲಿ ಸತ್ಯವೇದ ಕೇಳುವ ಜಾಗ ಅದೊಂದೇ. ಅದು ಉಳಿಯುವುದು ಈಗ ನನ್ನ ನಾಲಿಗೆಯ ಮೇಲೆ ನಿಂತಿತ್ತು.

ಪಾಠಕ್ಕೆ ನಾನು ಆರಿಸಿಕೊಂಡದ್ದು ಪರದೇಶದ ಆ ಸೊಸೆಯ ಕಥೆ. ಗಂಡ ಸತ್ತ ಮೇಲೂ ಅತ್ತೆಯನ್ನು ಬಿಡದೆ ಅವಳ ಊರಿಗೆ ಬಂದು, ಹೊಟ್ಟೆಪಾಡಿಗೆ ಯಾರದೋ ಜವೆಗೋದಿ ಹೊಲದಲ್ಲಿ ಹಕ್ಕಲು ಆಯಲು ಹೋದವಳು. ಹಕ್ಕಲು ನನಗೆ ತಿಳಿಯದ ವಸ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಮುನಿರಾಜಣ್ಣನನ್ನು ಕೇಳಿದೆ. ಗುಮ್ಮಳಾಪುರದವರು, ಬೆಳಿಗ್ಗೆ ರಾಗಿ ಹೊಲ ನೋಡಿ ಆಮೇಲೆ ಮೆಷಿನ್ ನೋಡುವವರು.

“ಕೊಯ್ದಾದ್ಮೇಲೆ ಹೊಲದಾಗೆ ಬಿದ್ದಿರೋ ತೆನೆ ಕಣ್ಲಾ. ಬಡವ್ರು ಬಂದು ಆಯ್ಕೊಂಡ್ ಹೋಗೋರು. ಈಗ ಮಿಷನ್ನು ಬಂದು ಎಲ್ಲಾ ಬಾಚ್ಕೊಂಡ್ ಹೋತದೆ, ಹಕ್ಕಲು ಎಲ್ ಬಂತು?”

“ತೆನೆ ಯಾಕಣ್ಣ ಬೀಳುತ್ತೆ?”

“ಕುಡ್ಲು ಮೊಂಡಾಗಿದ್ರೆ ಬೀಳ್ತದೆ. ನಿನ್ ಲೈನಾಗೆ ಟೂಲ್ ಮೊಂಡಾದ್ರೆ ಪೀಸ್ ಕೆಡಾಕಿಲ್ವಾ? ಎಲ್ಲಾ ಒಂದೇ ಕಣೋ ಅಯ್ನೋರೇ!”

ನಾನು ಬಸ್ಸಿನಲ್ಲಿ ಎದ್ದು ನಿಲ್ಲದೆ ಇದ್ದದ್ದೇ ಹೆಚ್ಚು. ಹಾಳೆ ತೆಗೆದೆ. ತೆನೆ ಯಾಕೆ ಬಿತ್ತು? ಹಿಡಿ ತಪ್ಪಿತು. ಯಾಕೆ? ಒಂದೇ ಎಳೆತಕ್ಕೆ ಕೊಯ್ಯಲಾಗಲಿಲ್ಲ. ಯಾಕೆ? ಕುಡುಗೋಲು ಮೊಂಡು. ಯಾಕೆ? ಯಾರೂ ಮಸೆದಿಲ್ಲ. ಯಾಕೆ? ಮೇಲ್ವಿಚಾರಕ ನೋಡಿಲ್ಲ. ಮೂಲ ಕಾರಣ ಸಿಕ್ಕಿತು! ನೀತಿಯೂ ಸಿಕ್ಕಿತು: ದೇವರು ನಮ್ಮ ಅಜಾಗರೂಕತೆಯನ್ನೂ ಬಡವರ ಊಟಕ್ಕೆ ಬಳಸಿಕೊಳ್ಳುತ್ತಾನೆ. ಎಂಥ ಮಾತು! ಈ ಸಂಭ್ರಮದಲ್ಲಿ ಅಧ್ಯಾಯದ ಉಳಿದರ್ಧ ಓದುವುದನ್ನೇ ಬಿಟ್ಟೆ. ಕಾರಣ ಸಿಕ್ಕ ಮೇಲೆ ಯಾರಾದರೂ ಮುಂದೆ ಓದುತ್ತಾರೆಯೇ? ಮೂರು ಬಣ್ಣದ ಪೆನ್ನಿನಲ್ಲಿ ದೊಡ್ಡದೊಂದು ಚಾರ್ಟ್ ಬರೆದೆ.

ಶುಕ್ರವಾರ ಬಂತು. ಚಾರ್ಟನ್ನು ಎಸ್ತೇರಮ್ಮನ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿ ಶುರುಮಾಡಿದೆ. ಎರಡನೇ ಯಾಕೆಗೆ ತೂಕಡಿಸುವವರಿಬ್ಬರೂ ತೂಕಡಿಸಿದರು. ಮೂರನೆಯದಕ್ಕೆ ಎಸ್ತೇರಮ್ಮ ಗಡಿಯಾರ ನೋಡಿದರು. ನಾನು ಬಿಡಲಿಲ್ಲ. ಗಂಟಲು ಏರಿಸಿ, “ಯಾಕೆ? ಕುಡುಗೋಲು ಮೊಂಡು!” ಅಂದೆ.

ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಅಮ್ಮ ನಕ್ಕುಬಿಟ್ಟಳು. ಸಣ್ಣ ನಗುವಲ್ಲ, ಸೆರಗು ಬಾಯಿಗಿಟ್ಟರೂ ನಿಲ್ಲದ ನಗು.

“ಯಾಕಮ್ಮಾ?” ಅಂದೆ. ಇದು ಆರನೇ ಯಾಕೆ, ಚಾರ್ಟಿನಲ್ಲಿ ಇರಲಿಲ್ಲ.

“ನಮ್ಮೂರಾಗೆ ಗೌಡ್ರ ಹೊಲ ಕುಯ್ತಿದ್ದ ಕೆಂಪಜ್ಜೀನೂ ಹಂಗೇ ಅನ್ನೋಳು ಕಣ್ಲಾ. ಚಿಕ್ಕೋಳಿದ್ದಾಗ ನಾನೂ ಹಕ್ಕಲಿಗೆ ಹೋಗಿವ್ನಿ. ಗೌಡ್ರು ಬದಿನ್ ಮೇಲೆ ನಿಂತ್ಕೊಂಡು ನೋಡೋರು. ಬಗ್ಗಿ ಆಯೋದು ಕಷ್ಟ ಅಲ್ಲ, ಆ ನೋಟ ಕಷ್ಟ. ಕೆಂಪಜ್ಜಿ ಕುಯ್ತಾ ಕುಯ್ತಾ ನನ್ ಮುಂದೇನೇ ಒಂದೊಂದ್ ಹಿಡಿ ಬೀಳ್ಸ್ಬುಟ್ಟು, ‘ಥೂ, ಈ ಕುಡ್ಲು ಮೊಂಡು’ ಅಂತ ಗೌಡ್ರಿಗೆ ಕೇಳೋ ಹಂಗೆ ಬೈಯೋಳು.” ನಗು ನಿಂತಿತು. “ದಿನಾ ಬೆಳಿಗ್ಗೆ ಕಲ್ಲಿಗೆ ಮಸೀತಿದ್ಲು ಆ ಕುಡ್ಲ. ನಾನೇ ನೋಡಿವ್ನಿ.”

ಕೋಣೆಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಅಮ್ಮ ಹಕ್ಕಲು ಆಯ್ದವಳು ಅನ್ನುವುದು ನನಗೂ ಅವತ್ತೇ ಗೊತ್ತಾದದ್ದು.

“ಮುಂದಕ್ಕೆ ಓದ್ಲಾ,” ಅಂದಳು ಅಮ್ಮ. “ಆ ಹೊಲದಾಗೂ ಯಾರೋ ಬೀಳ್ಸಿರ್ತಾರೆ.”

ಓದಿದೆ. ಆ ಹೊಲದ ಯಜಮಾನ ಆಳುಗಳನ್ನು ಕರೆದು, ಕಟ್ಟಿಟ್ಟ ಸಿವುಡುಗಳಿಂದ ಬೇಕೆಂದೇ ತೆನೆ ಎಳೆದು ಅವಳಿಗಾಗಿ ಬಿಡಿ, ಅವಳನ್ನು ಗದರಿಸಬೇಡಿ ಎಂದು ಹೇಳಿದ್ದ. ನಾನು ನಿಲ್ಲಿಸಿದ ಜಾಗದಿಂದ ಐದಾರು ವಾಕ್ಯ ಮುಂದೆಯೇ ಇತ್ತು. ಸಂಜೆಗೆ ಬಡಿದು ಅಳೆದರೆ ಅವಳಿಗೆ ಒಂದು ಏಫ ಜವೆಗೋದಿ ಸಿಕ್ಕಿತಂತೆ. ಏಫ ಅಂದರೆ ಹೆಚ್ಚುಕಡಿಮೆ ನಾವು ಕುಡಿಯುವ ನೀರು ತರಿಸುವ ಕ್ಯಾನ್ ತುಂಬುವಷ್ಟು ಎಂದು ನಾನು ಫೋನಿನಲ್ಲಿ ನೋಡಿ ಹೇಳಿದೆ.

“ನೋಡಿದ್ಯಾ? ಹಕ್ಕಲಲ್ಲಿ ಒಂದಿನಕ್ಕೆ ಅಷ್ಟು ಬರಾಕಿಲ್ಲ,” ಅಂದಳು ಅಮ್ಮ, ಲೆಕ್ಕ ತಾಳೆಯಾದ ಇನ್ಸ್‌ಪೆಕ್ಟರಂತೆ.

ಎಸ್ತೇರಮ್ಮ ಅಮ್ಮನ ಕಡೆ ತಿರುಗಿದರು, ಗಂಟಲು ಎಲ್ಲಿಂದ ಬಂತೋ! “ಹೊಲದಂಚನ್ನೂ ಬಿದ್ದಿದ್ದನ್ನೂ ಬಡವ್ರಿಗೆ ಬಿಡ್ಬೇಕು ಅಂತ ನೇಮ ಇತ್ತು ಶಾಂತಮ್ಮ, ಯಾಜಕರ ನಿಯಮದಾಗೆ ಬರ್ದದೆ. ಬೀಳ್ಸಿ ಅಂತ ಎಲ್ಲೂ ಬರೆದಿಲ್ಲ!” ನಾನು ನಿದ್ದೆಹೋಗುತ್ತಿದ್ದ ಪುಟಗಳಲ್ಲಿ ಒಂದು ಹೊಲದ ಅಂಚು ಬಡವರಿಗಾಗಿ ಕಾದು ಕೂತಿತ್ತು ಅನ್ನುವುದು ನನಗೆ ತಿಳಿದದ್ದು ಹೀಗೆ. ಆಮೇಲೆ ತೂಕಡಿಸುವವರಲ್ಲೊಬ್ಬರು ತಮ್ಮ ಊರಿನ ಕಣದ ಕಥೆ ತೆಗೆದರು. ಕೂಟ ಮುಗಿಯುವ ಹೊತ್ತಿಗೆ ಚಹಾ ಎರಡು ಸಲ ಆಗಿತ್ತು. ತಮಿಳು ಕೂಟದ ಮಾತನ್ನು ಯಾರೂ ಎತ್ತಲಿಲ್ಲ.

“ಮುಂದಿನ್ ಶುಕ್ರವಾರ ಶಾಂತಮ್ಮನ ಮನೇಲಿ,” ಅಂದರು ಎಸ್ತೇರಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದವರಿಗೆಲ್ಲ. ನನ್ನ ಕಡೆ ತಿರುಗಿ, “ನೀನು ಓದು, ಅವ್ಳು ವಿವರಣೆ ಮಾಡ್ಲಿ.”

ನನಗೆ ಬೇಜಾರಾಯಿತೇ? ಅರ್ಧ ನಿಮಿಷ ಆಯಿತು. ಆಮೇಲೆ ಖುಷಿಯೇ. ಓದಲು ಹುಮ್ಮಸ್ಸು ಎಲ್ಲಿಂದ ತರುವುದು ಎಂದು ವರ್ಷಗಟ್ಟಲೆ ಹುಡುಕಿದವನು ನಾನು. ಈಗ ನಾನು ಒಂದು ಪುಟ ಮುಂದೆ ಓದಿರದಿದ್ದರೆ ಅಮ್ಮ ಬಿಡುವುದಿಲ್ಲ: “ಆಮೇಲೇನಾಯ್ತು, ಹೇಳ್ಲಾ!” ಪುಸ್ತಕವನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟವಳು ಅವಳು, ಅಕ್ಷರ ಕೂಡಿಸಿದವನು ನಾನು, ಇಬ್ಬರೂ ಸೇರಿದರೆ ಒಬ್ಬ ಓದುಗ.

ನಿಮ್ಮ ಮನೆಯಲ್ಲೂ ಓದಲು ಬಾರದವರು ಯಾರಾದರೂ ಇರಬಹುದು. ಇವತ್ತು ಅವರಿಗೆ ಒಂದು ಪುಟ ಓದಿ. ಅವರು ಎಲ್ಲಿ ನಿಮ್ಮನ್ನು ತಡೆದರು, ಎಲ್ಲಿ ನಕ್ಕರು, ಏನು ಹೇಳಿದರು ಎಂದು ನನಗೆ ಬರೆದು ಕಳಿಸಿ. ಕೈಬರಹ ಹೇಗಿದ್ದರೂ ಪರವಾಗಿಲ್ಲ, ನಾನು ಕೂಡಿಸಿಕೊಂಡು ಓದುತ್ತೇನೆ. ಕೇಳಿಸಿಕೊಳ್ಳಲು ಅಮ್ಮ ಇದ್ದಾಳೆ.