ಐವತ್ತೊಂಬತ್ತರ ಚಾಳಿ

ಬ್ಯಾಟರಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲ್ಯಾಬಕ್ಕ ಎನ್ನುತ್ತಿದ್ದರು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಬೆಳ್ಳಿ ಲೇಪನದ ಅಂಗಡಿಯಲ್ಲಿ ದುಡಿದವಳು. ದ್ರಾವಣಕ್ಕೆ ಎರಡು ಕಡ್ಡಿ ಅದ್ದಿ, ಮೀಟರಿನ ಮುಳ್ಳು ನೋಡಿ, ಬೆಳ್ಳಿಯ ಅಯಾನು ಎಷ್ಟಿದೆಯೆಂದು ಬಾಯಲ್ಲೇ ಹೇಳುವಳು. ಐವತ್ತೊಂಬತ್ತು ಮಿಲಿವೋಲ್ಟ್ ಏರಿದರೆ ಹತ್ತು ಪಟ್ಟು. ಮಗ್ಗಿಯಂತೆ ತಲೆಯಲ್ಲಿ ಕೂತಿತ್ತು.

ಇಲ್ಲಿ ಅಳೆಯಬೇಕಾದ್ದು ಸೀಸ, ಅದೂ ಕೆಲಸಗಾರರು ಕುಡಿಯುವ ತೊಟ್ಟಿಯಲ್ಲಿ. ನೀರಿನ ಮೇಲೆ ಅನುಮಾನ ಬಂದು ಅವರು ಮೂರು ದಿನ ಗೇಟಿಗೆ ಅಡ್ಡ ಕೂತ ಮೇಲೆ ಮಾಲೀಕ ಪರೀಕ್ಷೆಗೆ ಒಪ್ಪಿದ್ದ. ಅಲ್ಲಿಯವರೆಗೆ ಎಲ್ಲರೂ ಮನೆಯಿಂದ ನೀರು ತರುತ್ತಿದ್ದರು. ಸೋಮವಾರ ಅವಳು ಅಳೆದಳು. ಕುಡಿಯುವ ನೀರಿಗೆ ಸರ್ಕಾರ ಹಾಕಿದ ಮಿತಿಯ ಐದನೇ ಒಂದು ಭಾಗ ಸೀಸ ಬೆರೆಸಿದ ಅಳತೆ ನೀರಿಗಿಂತ ತೊಟ್ಟಿಯದು ಮೂವತ್ತು ಮಿಲಿವೋಲ್ಟ್ ಹೆಚ್ಚು. ಐವತ್ತೊಂಬತ್ತರ ಲೆಕ್ಕದಲ್ಲಿ ಮೂರು ಪಟ್ಟು ಚಿಲ್ಲರೆ, ಮಿತಿಯೊಳಗೇ. 'ಕುಡಿಯಬಹುದು' ಎಂದು ಬರೆದು ರುಜು ಹಾಕಿದಳು.

ಬುಧವಾರ ಬೆಳಿಗ್ಗೆ ಮೀಟರು ಸರಿಯಿದೆಯೇ ನೋಡಲು ಹತ್ತು ಪಟ್ಟು ಗಟ್ಟಿಯಾದ ಅಳತೆ ನೀರು ಮಾಡಿಕೊಂಡಳು. ಮುಳ್ಳು ಐವತ್ತೊಂಬತ್ತು ಏರಬೇಕಿತ್ತು, ಏರಿದ್ದು ಮೂವತ್ತು ಮಾತ್ರ. ಮತ್ತೆ ಮಾಡಿದಳು. ಅಷ್ಟೇ. ಆಗ ಹೊಳೆಯಿತು. ಬೆಳ್ಳಿಗೆ ಒಂದು ಎಲೆಕ್ಟ್ರಾನು, ಸೀಸಕ್ಕೆ ಎರಡು. ಐವತ್ತೊಂಬತ್ತನ್ನು ಎರಡರಿಂದ ಭಾಗಿಸಬೇಕಿತ್ತು; ಮೂವತ್ತು ಏರಿದರೇ ಹತ್ತು ಪಟ್ಟು. ತೊಟ್ಟಿಯಲ್ಲಿದ್ದದ್ದು ಮಿತಿಯ ಎರಡರಷ್ಟು ಸೀಸ.

ಪ್ಯಾಕಿಂಗ್ ವಿಭಾಗದಲ್ಲಿ ಅವಳ ತಂಗಿಯೇ ಇದ್ದಳು, ಐದು ತಿಂಗಳ ಬಸುರಿ. ಅಕ್ಕನ ರುಜು ನಂಬಿ ಅವಳೂ ತೊಟ್ಟಿಯ ನೀರು ಹಿಡಿದು ಕುಡಿದಿದ್ದಳು.

ವಿರಾಮದ ಗಂಟೆಗೆ ಏಳು ನಿಮಿಷ ಬಾಕಿ. ಸುಮ್ಮನಿದ್ದುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆಯೂ ಬಂತು. ಕೆಲಸ ಹೋದರೆ ಇನ್ನೊಂದು ಕಾರ್ಖಾನೆ ಅವಳನ್ನು ಮೂಸಿಯೂ ನೋಡುವುದಿಲ್ಲ. ಆದರೂ ಚೀಟಿಯಲ್ಲಿ ಎರಡು ಸಾಲು ಗೀಚಿಕೊಂಡು ಓಡಿದಳು. ತೊಟ್ಟಿಯ ವಾಲ್ವ್ ಬೆವರಿನಲ್ಲಿ ಜಾರುತ್ತಿತ್ತು. ಸೆರಗು ಸುತ್ತಿ ತಿರುಗಿಸಿ ಮುಚ್ಚಿದಳು.

"ಏನು ತಾಯಿ, ನೀರಿಗೂ ಬೀಗಾನಾ?" ಫೋರ್‌ಮನ್ ನಕ್ಕ.

"ನನ್ನ ಲೆಕ್ಕ ತಪ್ಪಾಗಿದೆ. ಸೀಸ ಜಾಸ್ತಿ ಇದೆ. ಯಾರೂ ಕುಡೀಬೇಡಿ."

ಅವನ ನಗು ಇಂಗಿತು. "ಎರಡು ದಿನ ಕುಡಿಸಿ ಈಗ ಬೊಗಳ್ತೀಯಾ? ಬರೆದು ಕೊಡು ನೋಡೋಣ!"

"ತಗೋ, ಬರೆದೇ ತಂದಿದೀನಿ."

ಅಷ್ಟರಲ್ಲಿ ಬಾಟಲಿ ಹಿಡಿದು ಬಂದ ತಂಗಿ ಎಲ್ಲ ಕೇಳಿಸಿಕೊಂಡಿದ್ದಳು. "ಅಕ್ಕಾ, ಮಗೂಗೇನೂ ಆಗಲ್ಲ ತಾನೇ?"

ಆಗಲ್ಲ ಎನ್ನಲು ಬಾಯಿ ತೆರೆದಳು. ಬದಲಿಗೆ ತಂಗಿಯ ಕೈಯಿಂದ ಬಾಟಲಿ ತೆಗೆದುಕೊಂಡಳು.

"ಗೊತ್ತಿಲ್ಲ ಕಣೇ. ನಡಿ, ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಡೋಣ."

"ನಮ್ದೂ ಕೊಡಿಸು, ಲ್ಯಾಬಕ್ಕಾ," ಎಂದು ಹಿಂದಿನಿಂದ ಯಾರೋ ಸಿಡುಕಿದರು. ಪ್ಯಾಕಿಂಗಿನ ಹೆಂಗಸರು ಬಾಟಲಿಗಳನ್ನು ಚರಂಡಿಗೆ ಬಗ್ಗಿಸಿ ಗೇಟಿನ ಕಡೆ ಹೊರಟರು.